ಕೋವಿಡ್ ಬಂದದ್ದು ಶ್ವಾಸಕೋಶಕ್ಕೆ, ಪೆಟ್ಟು ಬಿದ್ದದ್ದು ಕಿಡ್ನಿಗೂ

2020 ಮತ್ತು 2021ರಲ್ಲಿ ಮನೆಯವರೊಬ್ಬರನ್ನು ಕೋವಿಡ್ ವಾರ್ಡಿಗೆ ಸೇರಿಸಿ ಹೊರಗೆ ಕಾದು ಕೂತವರಿಗೆ ಆ ದಿನಕ್ಕೊಂದು ಫೋನ್ ಕರೆ ಮರೆಯುವುದಿಲ್ಲ. ಒಳಗೆ ಹೋಗಿ ನೋಡುವಂತಿಲ್ಲ, ಡಾಕ್ಟರ್ ಹೇಳಿದ್ದೇ ಸುದ್ದಿ. ಎಲ್ಲರೂ ಕೇಳುತ್ತಿದ್ದ ಮೊದಲ ಪ್ರಶ್ನೆ "ಆಕ್ಸಿಜನ್ ಎಷ್ಟಿದೆ?" ಅಂತ. ತೊಂಬತ್ತರ ಮೇಲೆ ಇದೆ ಅಂದರೆ ಅವತ್ತು ಮನೆಯಲ್ಲಿ ಊಟ ಇಳಿಯುತ್ತಿತ್ತು. ನಾಲ್ಕೈದು ದಿನ ಕಳೆದ ಮೇಲೆ ಕೆಲವು ಮನೆಗಳಿಗೆ ಅದೇ ಫೋನಿನಲ್ಲಿ ಬೇರೆಯೇ ಮಾತು ಬಂತು. "ಕ್ರಿಯಾಟಿನಿನ್ ಏರ್ತಾ ಇದೆ, ಮೂತ್ರ ಕಡಿಮೆಯಾಗಿದೆ, ಡಯಾಲಿಸಿಸ್ ಬೇಕಾಗಬಹುದು, ಬಂದು ಸಹಿ ಹಾಕಿ."

ಶ್ವಾಸಕೋಶದ ಕಾಯಿಲೆ ಅಂತ ಸೇರಿಸಿದವರಿಗೆ ಕಿಡ್ನಿ ಎಲ್ಲಿಂದ ಬಂತು? ಆಸ್ಪತ್ರೆಯವರು ಏನೋ ತಪ್ಪು ಮಾಡಿದರೇ? ಒಮ್ಮೆ ಡಯಾಲಿಸಿಸ್ ಮಾಡಿದರೆ ಜೀವನವಿಡೀ ಮಾಡಬೇಕಾ? ಈ ಮೂರು ಪ್ರಶ್ನೆಗಳು ಆಗ ಮನೆಮನೆಯಲ್ಲಿ ಇದ್ದವು. ಮೂರನೆಯ ಪ್ರಶ್ನೆಯ ಹೆದರಿಕೆಯಿಂದ ಸಹಿ ಹಾಕಲು ಒಂದೆರಡು ದಿನ ತಡ ಮಾಡಿದವರೂ ಇದ್ದಾರೆ. ಇಂದು ಕೋವಿಡ್ ಆ ಮಟ್ಟಿಗೆ ಇಲ್ಲ. ಆದರೆ ಆಗ ಕಿಡ್ನಿಗೆ ಪೆಟ್ಟು ತಿಂದು ಮನೆಗೆ ಬಂದವರು ನಮ್ಮ ನಡುವೆಯೇ ಇದ್ದಾರೆ. ಅವರಲ್ಲಿ ಅನೇಕರು ಆಮೇಲೆ ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿಲ್ಲ. ಹಾಗಾಗಿ ಈ ವಿಷಯ ಹಳತಾಗಿಲ್ಲ.

ಕ್ರಿಯಾಟಿನಿನ್ ಎಂಬ ಸಂಖ್ಯೆ

ನಮ್ಮ ಸ್ನಾಯುಗಳು ಕೆಲಸ ಮಾಡುವಾಗ ಉಳಿಯುವ ಕಸದಲ್ಲಿ ಒಂದು ಕ್ರಿಯಾಟಿನಿನ್. ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಸೋಸುವ ಕೆಲಸ ನಿಧಾನವಾದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಎರಡು ದಿನದೊಳಗೆ 0.3 ಮಿಲಿಗ್ರಾಂನಷ್ಟು ಏರಿದರೂ, ಅಥವಾ ಒಂದು ವಾರದೊಳಗೆ ಮೊದಲಿದ್ದದ್ದರ ಒಂದೂವರೆ ಪಟ್ಟು ಆದರೂ ವೈದ್ಯರು ಅದನ್ನು ಕಿಡ್ನಿಯ ತೀವ್ರ ಹಾನಿ ಅಂತ ಲೆಕ್ಕ ಹಾಕುತ್ತಾರೆ. ಮೂತ್ರದ ಲೆಕ್ಕವೂ ಇದೆ. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರ್ ಆದರೂ ಬರಬೇಕು. ಆರು ಗಂಟೆಯಲ್ಲಿ 180 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟೂ ಬಂದಿಲ್ಲ ಅಂದರೆ ಅದು ಅಪಾಯದ ಗುರುತು. ಐಸಿಯುನಲ್ಲಿ ಮೂತ್ರದ ಚೀಲವನ್ನು ನರ್ಸ್‌ಗಳು ಗಂಟೆಗೊಮ್ಮೆ ನೋಡಿ ಬರೆದಿಡುವುದು ಇದಕ್ಕೇ.

ಇಲ್ಲಿ ಒಂದು ಮೋಸ ಇದೆ. ಲ್ಯಾಬ್ ರಿಪೋರ್ಟಿನಲ್ಲಿ "ನಾರ್ಮಲ್" ಅಂತ ಬರೆದಿರುವ ಮಿತಿ ಎಲ್ಲರಿಗೂ ಒಂದೇ. ಸಣಕಲು ಮೈಯ ಅಜ್ಜಿಗೆ ಮೊದಲು ಇದ್ದದ್ದು 0.5, ಈಗ 1.0 ಆಗಿದೆ ಅಂದುಕೊಳ್ಳಿ. ರಿಪೋರ್ಟಿನಲ್ಲಿ ಅದು ಕೆಂಪಾಗಿ ಕಾಣುವುದಿಲ್ಲ. ಆದರೆ ಅದು ಎರಡು ಪಟ್ಟು ಏರಿಕೆ. ಹಳೆಯ ರಿಪೋರ್ಟ್ ಮನೆಯಲ್ಲಿದ್ದರೆ ಆಸ್ಪತ್ರೆಗೆ ಕೊಡಿ ಅಂತ ಹೇಳುವುದು ಈ ಕಾರಣಕ್ಕೆ. ಶುಗರ್, ಬಿಪಿ ಇರುವ ಹಿರಿಯರ ರಿಪೋರ್ಟುಗಳನ್ನು ಹರಿದು ಬಿಸಾಡದೆ ಒಂದು ಫೈಲಿನಲ್ಲಿ ಇಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಬಂದಿಲ್ಲ.

ವುಹಾನ್‌ನಲ್ಲಿ ಕಂಡದ್ದು, ನ್ಯೂಯಾರ್ಕಿನಲ್ಲಿ ಕಂಡದ್ದು

ಆರಂಭದಲ್ಲಿ ಯಾರೂ ಕಿಡ್ನಿಯನ್ನು ಅಷ್ಟಾಗಿ ಗಮನಿಸಲಿಲ್ಲ. ಚೀನಾದ ವುಹಾನ್‌ನ ಆಸ್ಪತ್ರೆಯೊಂದರಲ್ಲಿ 701 ರೋಗಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ ಕಿಡ್ನಿಗೆ ತೀವ್ರ ಹಾನಿ ಆದವರು ಬರೀ ಶೇ. 5ರಷ್ಟು. ಆದರೆ ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇತ್ತು. ಸೇರುವಾಗಲೇ ಶೇ. 44ರಷ್ಟು ಮಂದಿಯ ಮೂತ್ರದಲ್ಲಿ ಪ್ರೋಟೀನ್, ಶೇ. 27ರಷ್ಟು ಮಂದಿಯ ಮೂತ್ರದಲ್ಲಿ ರಕ್ತದ ಅಂಶ ಕಂಡಿತ್ತು. ಕಿಡ್ನಿಯ ಜರಡಿ ಸೋರುತ್ತಿದೆ ಎಂಬುದರ ಗುರುತು ಅದು.

ಆ ಗುರುತಿನ ಅರ್ಥ ನ್ಯೂಯಾರ್ಕಿನಲ್ಲಿ ಬಯಲಾಯಿತು. 2020ರ ಮಾರ್ಚ್ 1ರಿಂದ ಏಪ್ರಿಲ್ 5ರವರೆಗೆ ಅಲ್ಲಿನ ನಾರ್ತ್‌ವೆಲ್ ಸಂಸ್ಥೆಯ 13 ಆಸ್ಪತ್ರೆಗಳಿಗೆ ಸೇರಿದ 5,449 ಕೋವಿಡ್ ರೋಗಿಗಳಲ್ಲಿ 1,993 ಮಂದಿಗೆ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಅಂದರೆ ಶೇ. 36ಕ್ಕೂ ಹೆಚ್ಚು. ವೆಂಟಿಲೇಟರ್ ಹಾಕಿದವರನ್ನು ಮಾತ್ರ ನೋಡಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ. ವೆಂಟಿಲೇಟರ್ ಬೇಡವಾದವರಲ್ಲಿ ಐದರಲ್ಲಿ ಒಬ್ಬರಿಗೆ. ವೆಂಟಿಲೇಟರ್ ಹಾಕಿ 24 ಗಂಟೆಯ ಒಳಗೆ, ಇಲ್ಲವೇ ಅದೇ ಹೊತ್ತಿಗೆ ಕಿಡ್ನಿಯೂ ಕೈಕೊಟ್ಟದ್ದು ತುಂಬಾ ಮಂದಿಯಲ್ಲಿ ಕಂಡುಬಂತು. ಎರಡೂ ಒಂದೇ ಬಿರುಗಾಳಿಯಲ್ಲಿ ಉರುಳಿದ ಮರಗಳು.

ಅದೇ ನಗರದ ಮೌಂಟ್ ಸೈನಾಯ್ ಸಂಸ್ಥೆಯ ಐದು ಆಸ್ಪತ್ರೆಗಳಲ್ಲಿ ಮೇ ಕೊನೆಯವರೆಗಿನ 3,993 ರೋಗಿಗಳ ಲೆಕ್ಕ ಇನ್ನೂ ಕಠಿಣ. ಶೇ. 46ರಷ್ಟು ಮಂದಿಗೆ ಕಿಡ್ನಿ ಹಾನಿ, ಅವರಲ್ಲಿ ಶೇ. 19ರಷ್ಟು ಮಂದಿಗೆ ಡಯಾಲಿಸಿಸ್. ಕಿಡ್ನಿಗೆ ಪೆಟ್ಟು ಬಿದ್ದವರಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. ಕಿಡ್ನಿ ಸರಿ ಇದ್ದವರಲ್ಲಿ ತೀರಿಕೊಂಡದ್ದು ಶೇ. 8 ಮಾತ್ರ. ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಕಿಡ್ನಿಯಿಂದಲೇ ಸತ್ತರು ಅಂತ ಇದರ ಅರ್ಥ ಅಲ್ಲ. ಯಾರ ಕಾಯಿಲೆ ಮೈತುಂಬ ಹರಡಿತ್ತೋ ಅವರದ್ದೇ ಕಿಡ್ನಿಯೂ ಸೋತಿತ್ತು. ವುಹಾನ್‌ಗೂ ನ್ಯೂಯಾರ್ಕಿಗೂ ಇಷ್ಟು ಅಂತರ ಯಾಕೆ ಅಂದರೆ, ಯಾರನ್ನು ಸೇರಿಸಿಕೊಂಡರು, ಎಷ್ಟು ಮಂದಿಗೆ ಶುಗರ್-ಬಿಪಿ ಇತ್ತು, ಎಷ್ಟು ಮಂದಿ ವೆಂಟಿಲೇಟರಿನಲ್ಲಿದ್ದರು ಅನ್ನುವುದೆಲ್ಲ ಬೇರೆ ಬೇರೆ. ಒಂದು ಊರಿನ ಶೇಕಡಾವಾರನ್ನು ಇನ್ನೊಂದು ಊರಿಗೆ ಹಾಗೆಯೇ ಅಂಟಿಸಲು ಆಗುವುದಿಲ್ಲ. ಮುಂದೆ ಚಿಕಿತ್ಸೆ ಸುಧಾರಿಸಿ, ಲಸಿಕೆಯೂ ಬಂದ ಮೇಲೆ ಈ ಪ್ರಮಾಣ ಇಳಿದದ್ದೂ ಹೌದು.

ಪೆಟ್ಟು ಬೀಳುವುದು ಹೇಗೆ

ವೈರಾಣು ಜೀವಕೋಶದ ಒಳಗೆ ನುಗ್ಗಲು ಹಿಡಿಯುವ ಬಾಗಿಲಿನ ಹೆಸರು ಎಸಿಇ2. ಅದು ಶ್ವಾಸಕೋಶದಲ್ಲಿ ಮಾತ್ರ ಇರುವುದಲ್ಲ, ಕಿಡ್ನಿಯ ಸಣ್ಣ ನಾಳಗಳ ಕೋಶಗಳಲ್ಲಿ ಹೇರಳವಾಗಿದೆ. ಹಾಗಾಗಿ ವೈರಾಣು ನೇರವಾಗಿ ಕಿಡ್ನಿಯನ್ನೇ ತಿನ್ನುತ್ತದೆ ಅಂತ ಮೊದಲು ಬಲವಾಗಿ ನಂಬಿದರು. ಮರಣೋತ್ತರ ಪರೀಕ್ಷೆಗಳಲ್ಲಿ ಕೆಲವರಿಗೆ ಕಿಡ್ನಿಯಲ್ಲಿ ವೈರಾಣು ಸಿಕ್ಕಿತು, ಇನ್ನು ಕೆಲವರಿಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ನೇರ ದಾಳಿ ಒಂದು ಪಾಲು ಇರಬಹುದು, ಆದರೆ ಹೆಚ್ಚಿನವರಲ್ಲಿ ಕಂಡದ್ದು ಸಣ್ಣ ನಾಳಗಳ ಕೋಶಗಳು ಆಮ್ಲಜನಕ ಮತ್ತು ರಕ್ತ ಸಾಲದೆ ಸೊರಗಿದ್ದು.

ಅದು ಹೇಗೆ ಅಂದರೆ, ಜ್ವರ, ಬೇಧಿ, ವಾಂತಿ, ಊಟ ಸೇರದೆ ನಾಲ್ಕೈದು ದಿನ ಮನೆಯಲ್ಲೇ ಮಲಗಿದವರ ಮೈಯಲ್ಲಿ ನೀರಿನ ಅಂಶವೇ ಇರುವುದಿಲ್ಲ. ಕಿಡ್ನಿಗೆ ಹೋಗುವ ರಕ್ತ ಅಲ್ಲೇ ಕಡಿಮೆಯಾಯಿತು. ಆಸ್ಪತ್ರೆಗೆ ಬರುವ ಹೊತ್ತಿಗೆ ಆಮ್ಲಜನಕ ಇಳಿದಿರುತ್ತದೆ. ಆಮೇಲೆ ಬಿಪಿ ಕುಸಿದರೆ, ಸೋಂಕಿನ ವಿರುದ್ಧ ಮೈಯೇ ಹುಚ್ಚೆದ್ದು ಹೋರಾಡುವ ಉರಿಯೂತ ಸೇರಿದರೆ ಹೊರೆ ಇನ್ನೂ ಹೆಚ್ಚು. ವೆಂಟಿಲೇಟರ್ ಒತ್ತಡದಿಂದ ಗಾಳಿ ನೂಕುವಾಗ ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಅದರ ಪೆಟ್ಟೂ ಕಿಡ್ನಿಗೇ. ಕೋವಿಡ್‌ನ ಇನ್ನೊಂದು ಕೆಟ್ಟ ಗುಣ ರಕ್ತ ಹೆಪ್ಪುಗಟ್ಟಿಸುವುದು. ಕಿಡ್ನಿಯ ಕೂದಲೆಳೆಯಂಥ ರಕ್ತನಾಳಗಳಲ್ಲಿ ಸಣ್ಣ ಸಣ್ಣ ಹೆಪ್ಪು ಕಟ್ಟಿದ್ದೂ ಕೆಲವರಲ್ಲಿ ಕಂಡಿದೆ. ಆಫ್ರಿಕಾ ಮೂಲದವರಲ್ಲಿ ಒಂದು ನಿರ್ದಿಷ್ಟ ವಂಶವಾಹಿ ಇದ್ದವರಿಗೆ ಕಿಡ್ನಿಯ ಜರಡಿಯೇ ಕುಸಿದು ಬೀಳುವ ಬೇರೆ ಬಗೆಯ ಕಾಯಿಲೆ ಬಂತು. ಅದು ನಮ್ಮ ಕಡೆಯ ಸಮಸ್ಯೆ ಅಲ್ಲ.

"ಆಸ್ಪತ್ರೆಯವರು ತಪ್ಪು ಮಾಡಿದರೇ" ಅನ್ನುವ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಹೆಚ್ಚಿನವರಲ್ಲಿ ಇದು ಕಾಯಿಲೆಯದ್ದೇ ಒಂದು ಭಾಗ.

ಔಷಧದ ಪಾಲು

ಹಾಗಂತ ಔಷಧದ ಪಾಲು ಇಲ್ಲವೇ ಇಲ್ಲ ಅಂತ ಅಲ್ಲ. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಬಂದದ್ದು ನೆನಪಿದೆಯಲ್ಲ? ಆ ಜೂನ್ ಕೊನೆಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಪ್ರಕರಣಗಳಾಗಿದ್ದವು. ಅದಕ್ಕೆ ಕೊಡುವ ಆಂಫೊಟೆರಿಸಿನ್ ಇಂಜೆಕ್ಷನ್ ಕಿಡ್ನಿಗೆ ಬಹಳ ಕಠಿಣ. ಕೊಬ್ಬಿನ ಕಣಗಳಲ್ಲಿ ಸುತ್ತಿ ಮಾಡಿದ ಲಿಪೊಸೋಮಲ್ ಬಗೆ ಸ್ವಲ್ಪ ಸೌಮ್ಯ, ಆದರೆ ಆಗ ಅದು ಸಿಗುತ್ತಿರಲಿಲ್ಲ, ಸಿಕ್ಕಿದರೂ ಬೆಲೆ ಕೈಗೆ ಎಟುಕುತ್ತಿರಲಿಲ್ಲ. ಕಣ್ಣು ಮತ್ತು ಜೀವ ಉಳಿಸಲು ಹಳೆಯ ಬಗೆಯನ್ನೇ ಕೊಟ್ಟು ದಿನವೂ ಕ್ರಿಯಾಟಿನಿನ್ ನೋಡಬೇಕಾದ ಇಕ್ಕಟ್ಟು ವೈದ್ಯರದ್ದಾಗಿತ್ತು.

ಬ್ಲ್ಯಾಕ್‌ನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಜನ ಹುಡುಕಿದ ರೆಮ್‌ಡೆಸಿವಿರ್ ಅನ್ನು ಮೊದಮೊದಲು ಕಿಡ್ನಿ ತೀರಾ ದುರ್ಬಲವಾದವರಿಗೆ ಕೊಡಲು ವೈದ್ಯರು ಹಿಂಜರಿಯುತ್ತಿದ್ದರು. ಔಷಧವನ್ನು ಕರಗಿಸಲು ಬಳಸಿದ ಪದಾರ್ಥ ಮೈಯಲ್ಲಿ ಉಳಿಯಬಹುದು ಎಂಬ ಭಯ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಡಯಾಲಿಸಿಸ್ ರೋಗಿಗಳಿಗೂ ಅದನ್ನು ಕೊಡಬಹುದು ಅಂತ ಒಪ್ಪಿತು. ಅಗ್ಗದ ಡೆಕ್ಸಾಮೆಥಾಸೋನ್ ಮಾತ್ರ ಇಲ್ಲಿ ಸದ್ದಿಲ್ಲದೆ ಉಪಕಾರ ಮಾಡಿತು. 2020ರ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆ ಸ್ಟೀರಾಯ್ಡ್ ಪಡೆದವರಲ್ಲಿ ಡಯಾಲಿಸಿಸ್ ಬೇಕಾದವರ ಸಂಖ್ಯೆಯೂ ಕಡಿಮೆ ಇತ್ತು.

ಬಿಪಿ ಮಾತ್ರೆಯ ವಿಷಯದಲ್ಲಿ ಎದ್ದ ಗಾಳಿಮಾತು ಬೇರೆ. ರಾಮಿಪ್ರಿಲ್, ಟೆಲ್ಮಿಸಾರ್ಟನ್ ತಿಂದರೆ ಕೋವಿಡ್ ಜೋರಾಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡಿ ಎಷ್ಟೋ ಮಂದಿ ತಾವೇ ಮಾತ್ರೆ ನಿಲ್ಲಿಸಿದರು. ಬ್ರೆಜಿಲ್‌ನಲ್ಲಿ 659 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಮಾತ್ರೆ ನಿಲ್ಲಿಸಿದ್ದರಿಂದ ಏನೂ ಲಾಭ ಕಾಣಲಿಲ್ಲ. ಕಿಡ್ನಿಗೆ ಪೆಟ್ಟು ಬಿದ್ದಾಗ, ಬಿಪಿ ಕುಸಿದಾಗ ಕೆಲವು ದಿನ ನಿಲ್ಲಿಸಬೇಕಾಗುವುದು ಬೇರೆ ಮಾತು. ಅದನ್ನು ನಿರ್ಧರಿಸಬೇಕಾದವರು ಡಾಕ್ಟರ್.

ಮನೆಮದ್ದಿನ ಬಗ್ಗೆ ಹೇಳದೆ ಹೋದರೆ ಆಗದು. ರೋಗನಿರೋಧಕ ಶಕ್ತಿ ಅಂತ ವಿಟಮಿನ್ ಸಿ ಮಾತ್ರೆಗಳನ್ನು ದಿನಕ್ಕೆ ನಾಲ್ಕೈದು ನುಂಗಿದವರು ಇದ್ದರು. ಅತಿಯಾದ ವಿಟಮಿನ್ ಸಿ ಮೈಯಲ್ಲಿ ಆಕ್ಸಲೇಟ್ ಆಗಿ ಕಿಡ್ನಿಯ ನಾಳದಲ್ಲಿ ಹರಳಾಗಿ ಕೂರುತ್ತದೆ. ನಮ್ಮ ಹಿತ್ತಲಿನ ಬಿಂಬುಳಿಯದ್ದೂ ಅದೇ ಕಥೆ. ಮೀನಿನ ಸಾರಿಗೆ ನಾಲ್ಕು ಹಾಕುವುದರಲ್ಲಿ ತೊಂದರೆ ಇಲ್ಲ. ಕೊಲೆಸ್ಟ್ರಾಲ್ ಇಳಿಯುತ್ತದೆ ಅಂತ ರಸ ಹಿಂಡಿ ಕುಡಿದು ಕಿಡ್ನಿ ಕೆಡಿಸಿಕೊಂಡು ಆಸ್ಪತ್ರೆ ಸೇರಿದ ಹತ್ತು ಮಂದಿಯ ವಿವರವನ್ನು ಕೇರಳದ ವೈದ್ಯರು 2013ರಲ್ಲೇ ಪ್ರಕಟಿಸಿದ್ದಾರೆ. ದಾರೆಹುಳಿಯೂ ಹಾಗೆಯೇ, ಕಿಡ್ನಿ ಮೊದಲೇ ದುರ್ಬಲವಾಗಿದ್ದವರಿಗೆ ಅದು ವಿಷ ಅಂದರೂ ತಪ್ಪಲ್ಲ. ಮೈಕೈ ನೋವಿಗೆ ಮೆಡಿಕಲ್‌ನಿಂದ ತಾವೇ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಸಾಮಾನ್ಯ. ಜ್ವರ-ಬೇಧಿಯಿಂದ ಮೈ ಒಣಗಿದ ಹೊತ್ತಿನಲ್ಲಿ ಅವು ಕಿಡ್ನಿಗೆ ಹೋಗುವ ಅಷ್ಟಿಷ್ಟು ರಕ್ತವನ್ನೂ ತಡೆಯುತ್ತವೆ.

ಡಯಾಲಿಸಿಸ್ ಅಂದ ಕೂಡಲೇ

ನಮ್ಮೂರಲ್ಲಿ ಡಯಾಲಿಸಿಸ್ ಅಂದರೆ "ಕಿಡ್ನಿ ಫೇಲ್, ಇನ್ನು ವಾರಕ್ಕೆ ಮೂರು ದಿನ" ಅಂತಲೇ ಅರ್ಥ. ದೀರ್ಘಕಾಲದ ಕಾಯಿಲೆಯಲ್ಲಿ ಅದು ನಿಜ. ತೀವ್ರ ಹಾನಿಯಲ್ಲಿ ಹಾಗಲ್ಲ. ಬಿದ್ದ ಮೂಳೆಗೆ ಪ್ಲಾಸ್ಟರ್ ಹಾಕಿದ ಹಾಗೆ, ಕಿಡ್ನಿ ಚೇತರಿಸಿಕೊಳ್ಳುವವರೆಗೆ ಯಂತ್ರ ಅದರ ಕೆಲಸ ಮಾಡುತ್ತದೆ. ಪೊಟ್ಯಾಶಿಯಂ ಏರಿ ಹೃದಯ ನಿಲ್ಲುವ ಅಪಾಯ, ಶ್ವಾಸಕೋಶದಲ್ಲಿ ನೀರು ತುಂಬುವುದು, ರಕ್ತ ಆಮ್ಲೀಯವಾಗುವುದು ಇವೆಲ್ಲ ಕಾಯುವುದಿಲ್ಲ. ಇಂಥ ಹೊತ್ತಿನಲ್ಲಿ ಸಹಿಗೆ ತಡ ಮಾಡಿದರೆ ಹೋಗುವುದು ಕಿಡ್ನಿಯಲ್ಲ, ಜೀವ. ಡಯಾಲಿಸಿಸ್ ಮಾಡಿದ್ದರಿಂದ ಕಿಡ್ನಿ ಹಾಳಾಯಿತು ಅನ್ನುವುದು ಕಾರಣವನ್ನೂ ಪರಿಣಾಮವನ್ನೂ ಅದಲು ಬದಲು ಮಾಡಿದ ಮಾತು.

ಬಿಪಿ ಗಟ್ಟಿ ಇರುವವರಿಗೆ ನಾಲ್ಕು ಗಂಟೆಯ ಸಾಮಾನ್ಯ ಡಯಾಲಿಸಿಸ್ ನಡೆಯುತ್ತದೆ. ಬಿಪಿ ಇಳಿದು ಔಷಧದಿಂದ ಎತ್ತಿ ಹಿಡಿದವರಿಗೆ ಎಂಟು ಹತ್ತು ಗಂಟೆ ನಿಧಾನವಾಗಿ, ಅಥವಾ ದಿನವಿಡೀ ಓಡುವ ಯಂತ್ರದಲ್ಲಿ. ನ್ಯೂಯಾರ್ಕಿನಲ್ಲಿ 2020ರ ಏಪ್ರಿಲ್‌ನಲ್ಲಿ ವೆಂಟಿಲೇಟರ್ ಸಾಲುತ್ತಿಲ್ಲ ಅಂತ ಜಗತ್ತೇ ಮಾತಾಡುತ್ತಿದ್ದಾಗ, ಅಲ್ಲಿನ ಕಿಡ್ನಿ ವೈದ್ಯರು ಡಯಾಲಿಸಿಸ್ ಯಂತ್ರ, ದ್ರಾವಣ, ನರ್ಸ್ ಮೂರೂ ಸಾಲದೆ ಒದ್ದಾಡುತ್ತಿದ್ದರು. ಅದರ ಮೇಲೆ ಕೋವಿಡ್ ರೋಗಿಗಳ ರಕ್ತ ಯಂತ್ರದ ಫಿಲ್ಟರಿನಲ್ಲೇ ಹೆಪ್ಪುಗಟ್ಟಿ ಮತ್ತೆ ಮತ್ತೆ ಬದಲಿಸಬೇಕಾಗುತ್ತಿತ್ತು. ಬೆಲ್ವ್ಯೂ ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ದ್ರಾವಣ ಬಿಟ್ಟು ತೆಗೆಯುವ ಹಳೆಯ ವಿಧಾನಕ್ಕೇ ಮರಳಿದರು. ಯಂತ್ರ ಬೇಡ, ಕರೆಂಟ್ ಬೇಡ, ಹೆಪ್ಪುಗಟ್ಟುವ ರಗಳೆ ಇಲ್ಲ. ಬಡ ದೇಶಗಳ ಪದ್ಧತಿ ಅಂತ ತಾತ್ಸಾರ ಮಾಡಿದ್ದು ಶ್ರೀಮಂತ ನಗರದ ಕೈ ಹಿಡಿಯಿತು.

ತಲಪಾಡಿಯ ಗೇಟು

ಕಿಡ್ನಿ ರೋಗಿಗಳ ಕೋವಿಡ್ ಕಥೆಯಲ್ಲಿ ನಮ್ಮ ಗಡಿಯದ್ದೂ ಒಂದು ಪುಟ ಇದೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಜನರಿಗೆ ಹೃದಯ, ಕ್ಯಾನ್ಸರ್, ಕಿಡ್ನಿ ಏನೇ ಆದರೂ ಮಂಗಳೂರೇ ಆಸ್ಪತ್ರೆ. ತಲಪಾಡಿ ದಾಟಿದರೆ ಅರ್ಧ ಗಂಟೆಯ ದಾರಿ. ಕೇರಳದೊಳಗಿನ ಪರಿಯಾರಂ ಮೆಡಿಕಲ್ ಕಾಲೇಜಿಗೆ ಹೋಗಬೇಕಾದರೆ ನೂರು ಕಿಲೋಮೀಟರಿನ ಆಸುಪಾಸು. 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಲ್ಲಿ ಪ್ರಕರಣ ಏರಿದಾಗ ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಆಂಬ್ಯುಲೆನ್ಸ್‌ಗಳು ತಲಪಾಡಿಯಿಂದ ಹಿಂದಿರುಗಿದವು, ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಯಿಸಬೇಕು ಅಂತ ಕೇಂದ್ರಕ್ಕೆ ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ಕ್ಕೆ ರೋಗಿಗಳನ್ನು ಬಿಡುವ ನಿಯಮದ ಬಗ್ಗೆ ಒಪ್ಪಂದವಾಗಿದೆ ಅಂತ ಅಲ್ಲಿ ತಿಳಿಸಲಾಯಿತು.

ಹೃದಯಾಘಾತ ಆದವರ ಸುದ್ದಿ ಪತ್ರಿಕೆಯಲ್ಲಿ ಬಂತು. ಡಯಾಲಿಸಿಸ್ ತಪ್ಪಿದವರ ಸಂಕಟ ಅಷ್ಟಾಗಿ ಬರಲಿಲ್ಲ, ಯಾಕೆಂದರೆ ಅದು ಒಂದೇ ದಿನದಲ್ಲಿ ಕಾಣುವುದಿಲ್ಲ. ಒಂದು ಸರದಿ ತಪ್ಪಿದರೆ ಮೈ ಊದುತ್ತದೆ, ಎರಡು ತಪ್ಪಿದರೆ ಮಲಗಿದರೆ ಉಸಿರು ಕಟ್ಟುತ್ತದೆ, ಪೊಟ್ಯಾಶಿಯಂ ಯಾವಾಗ ಹೃದಯವನ್ನು ನಿಲ್ಲಿಸುತ್ತದೆ ಅಂತ ಹೇಳಲಾಗದು. ಲಾಕ್‌ಡೌನ್ ಹೊತ್ತಿನಲ್ಲಿ ಗಡಿಯ ಎರಡೂ ಬದಿಯಲ್ಲಿ, ದೇಶದ ಬೇರೆಡೆಯೂ, ನೆಗೆಟಿವ್ ರಿಪೋರ್ಟ್ ತಂದರೆ ಮಾತ್ರ ಡಯಾಲಿಸಿಸ್ ಅಂತ ಹೇಳಿದ ಕೇಂದ್ರಗಳಿದ್ದವು. ರಿಪೋರ್ಟ್ ಬರಲು ಎರಡು ಮೂರು ದಿನ. ಆ ಎರಡು ಮೂರು ದಿನ ರೋಗಿಯ ಬಳಿ ಇರಲಿಲ್ಲ.

ಕೋವಿಡ್ ಬಂದರೂ ಇವರಿಗೇ ಹೆಚ್ಚು ಅಪಾಯ. ಯೂರೋಪಿನ 2020ರ ದಾಖಲೆಗಳ ಪ್ರಕಾರ ಸೋಂಕು ತಗಲಿದ ಡಯಾಲಿಸಿಸ್ ರೋಗಿಗಳಲ್ಲೂ ಕಿಡ್ನಿ ಕಸಿ ಆದವರಲ್ಲೂ ನಾಲ್ಕೈದು ಮಂದಿಗೆ ಒಬ್ಬರಂತೆ 28 ದಿನದೊಳಗೆ ತೀರಿಕೊಂಡರು. ಮನೆಯಲ್ಲೇ ಇರಿ ಅಂತ ಎಲ್ಲರಿಗೂ ಹೇಳಬಹುದು, ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಲೇಬೇಕಾದವರಿಗೆ ಏನು ಹೇಳುವುದು? ಕಸಿ ಆದವರು ಕಿಡ್ನಿ ಉಳಿಸಲು ತಿನ್ನುವ ಮಾತ್ರೆಗಳೇ ಅವರ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಲಸಿಕೆಯೂ ಅವರಲ್ಲಿ ಇತರರಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಹಾಗಾಗಿಯೇ ಹೆಚ್ಚುವರಿ ಡೋಸ್ ಕೊಡಲಾಯಿತು.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆದವರ ಕಿಡ್ನಿ ಸರಿಹೋಯಿತೇ? ಮೌಂಟ್ ಸೈನಾಯ್ ಲೆಕ್ಕದಲ್ಲಿ ಕಿಡ್ನಿಗೆ ಪೆಟ್ಟು ಬಿದ್ದು ಬದುಕಿ ಮನೆಗೆ ಹೋದವರಲ್ಲಿ ಶೇ. 35ರಷ್ಟು ಮಂದಿಯ ಕಿಡ್ನಿ ಹೋಗುವ ದಿನಕ್ಕೆ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಅವರಲ್ಲಿ ಮತ್ತೆ ಬಂದು ಪರೀಕ್ಷೆ ಮಾಡಿಸಿಕೊಂಡವರ ಪೈಕಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಂದಿ ಆಮೇಲೆ ಚೇತರಿಸಿಕೊಂಡರು. ವುಹಾನ್‌ನಲ್ಲಿ ಆರು ತಿಂಗಳ ಬಳಿಕ ನೋಡಿದಾಗ, ಆಸ್ಪತ್ರೆಯಲ್ಲಿದ್ದಾಗ ಕಿಡ್ನಿ ಪೂರ್ತಿ ಸರಿ ಇದ್ದವರಲ್ಲೂ ಶೇ. 13ರಷ್ಟು ಮಂದಿಯ ಸೋಸುವ ಶಕ್ತಿ ಇಳಿದಿತ್ತು. ಅಮೆರಿಕದ ಮಾಜಿ ಸೈನಿಕರ ದಾಖಲೆಗಳಲ್ಲಿ 89 ಸಾವಿರಕ್ಕೂ ಹೆಚ್ಚು ಕೋವಿಡ್ ಗೆದ್ದವರನ್ನು ಇತರರೊಂದಿಗೆ ಹೋಲಿಸಿದಾಗಲೂ ಕಿಡ್ನಿ ಶಕ್ತಿ ಕುಂದುವ ಅಪಾಯ ಹೆಚ್ಚೇ ಕಂಡಿತು. ಆಸ್ಪತ್ರೆಯಲ್ಲಿ, ಅದರಲ್ಲೂ ಐಸಿಯುನಲ್ಲಿ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ.

ಸಮಸ್ಯೆ ಏನೆಂದರೆ ಕಿಡ್ನಿ ನೋಯುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋದರೂ ಮನುಷ್ಯ ಅಂಗಡಿಗೆ ಹೋಗುತ್ತಾನೆ, ಮದುವೆ ಊಟ ಉಣ್ಣುತ್ತಾನೆ. ಕಾಲು ಊದಿಕೊಂಡು, ಸುಸ್ತಾಗಿ, ಹಸಿವು ಹೋದ ಮೇಲೆ ಬಂದರೆ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಆದ್ದರಿಂದ ಕೋವಿಡ್ ಹೊತ್ತಿನಲ್ಲಿ ಐಸಿಯುನಲ್ಲಿದ್ದವರು, ಡಯಾಲಿಸಿಸ್ ಮಾಡಿಸಿಕೊಂಡವರು, ಕ್ರಿಯಾಟಿನಿನ್ ಏರಿತ್ತು ಅಂತ ಹೇಳಿಸಿಕೊಂಡವರು ಈಗಲೂ ಎರಡು ಪರೀಕ್ಷೆ ಮಾಡಿಸಬಹುದು. ಒಂದು ರಕ್ತದ ಕ್ರಿಯಾಟಿನಿನ್, ಇನ್ನೊಂದು ಮೂತ್ರದಲ್ಲಿ ಆಲ್ಬುಮಿನ್. ಎರಡನೆಯದನ್ನು ಹೆಚ್ಚಿನವರು ಬಿಡುತ್ತಾರೆ, ಆದರೆ ಮೊದಲು ಕೆಡುವುದು ಅನೇಕ ಸಲ ಅದೇ. ಎರಡೂ ದುಬಾರಿ ಅಲ್ಲ. ಕೆಟ್ಟಿದ್ದರೆ ಮೂರು ತಿಂಗಳ ಬಳಿಕ ಮತ್ತೊಮ್ಮೆ ಮಾಡಿ ಖಚಿತಪಡಿಸುತ್ತಾರೆ. ಡಿಸ್ಚಾರ್ಜ್ ಕಾಗದ ಮನೆಯಲ್ಲಿದ್ದರೆ ಜೊತೆಗೆ ಕೊಂಡುಹೋಗಿ, ಅದರಲ್ಲಿ ಸೇರುವ ದಿನದ ಮತ್ತು ಹೊರಡುವ ದಿನದ ಕ್ರಿಯಾಟಿನಿನ್ ಬರೆದಿರುತ್ತಾರೆ.

ನೋಂಬಿನ ಬಗ್ಗೆ ಕೇಳುವವರಿದ್ದಾರೆ. ಕಿಡ್ನಿ ಪೂರ್ತಿ ಚೇತರಿಸಿದವರು ಹೆಚ್ಚಾಗಿ ಹಿಡಿಯಬಹುದು. ಕ್ರಿಯಾಟಿನಿನ್ ಇನ್ನೂ ಏರಿಯೇ ಇರುವವರು, ಅದರಲ್ಲೂ ಬಿಸಿಲಿನಲ್ಲಿ ದುಡಿಯುವವರು, ಮೊದಲು ಡಾಕ್ಟರನ್ನು ಕೇಳಬೇಕು. ಹಿಡಿಯುವುದಾದರೆ ನೋಂಬು ಬಿಟ್ಟ ಮೇಲಿನಿಂದ ಅತ್ತಾಳದವರೆಗೆ ಎಷ್ಟು ನೀರು ಕುಡಿಯಬೇಕು, ಬಿಪಿಯ ಮತ್ತು ಮೂತ್ರ ಹೋಗಿಸುವ ಮಾತ್ರೆಗಳ ಹೊತ್ತು ಹೇಗೆ ಬದಲಿಸಬೇಕು ಅಂತಲೂ ಅವರೇ ಹೇಳಬೇಕು. ಎಲ್ಲರೂ ಲೀಟರ್‌ಗಟ್ಟಲೆ ನೀರು ಕುಡಿಯಲಿ ಅನ್ನುವ ಸಲಹೆ ಕೂಡ ತಪ್ಪು. ಮೂತ್ರ ಕಡಿಮೆಯಾದವರಿಗೆ, ಹೃದಯ ದುರ್ಬಲವಾದವರಿಗೆ ಹೆಚ್ಚು ನೀರೇ ತೊಂದರೆ.

ಇನ್ನು ಡಯಾಲಿಸಿಸ್‌ನ ಖರ್ಚು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಇದೆ. ಗಡಿಯ ಆಚೀಚೆ ಓಡಾಡುವವರು ಗಮನಿಸಬೇಕಾದ್ದು ರೇಷನ್ ಕಾರ್ಡ್. ಕೇರಳದ ಕಾರ್ಡ್ ಇರುವವರು ಮಂಗಳೂರಿನಲ್ಲಿ ಸರದಿ ಕೇಳುವ ಮೊದಲು ತಮ್ಮ ಯಾವ ಕಾರ್ಡ್ ಅಲ್ಲಿ ನಡೆಯುತ್ತದೆ ಅಂತ ಆಸ್ಪತ್ರೆಯ ಕೌಂಟರಿನಲ್ಲಿ ವಿಚಾರಿಸಿಕೊಳ್ಳಿ, ಜೊತೆಗೆ ಕಾಸರಗೋಡಿನ ಕಡೆ ಹತ್ತಿರದ ಒಂದು ಕೇಂದ್ರದಲ್ಲೂ ಹೆಸರು ಬರೆಸಿಡಿ.